ನಲವತ್ತೈದು ನಿಮಿಷದ ಪ್ರಾರ್ಥನೆ

ನಮ್ಮ ಅಜ್ಜ ದೇವರಿಗೆ ಕೈ ಮುಗಿಯುವುದಿಲ್ಲ, ಸೆಲ್ಯೂಟ್ ಹೊಡೆಯುತ್ತಾರೆ. ಮದುವೆಯಾಗಿ ಈ ಮನೆಗೆ ಬಂದ ಮೊದಲ ಬೆಳಗ್ಗೆ ಹಿತ್ತಲ ಬಾಗಿಲು ತೆರೆದವಳು ಅದನ್ನು ನೋಡಿ, ಗಾಬರಿಯಾಗಿ, ಬಾಗಿಲನ್ನು ಮತ್ತೆ ಹಾಕಿಬಿಟ್ಟಿದ್ದೆ. ಎಂಬತ್ತೆಂಟು ವರ್ಷದ ಮನುಷ್ಯ, ಮಂಡಿವರೆಗೆ ಮಡಚಿದ ಪ್ಯಾಂಟು, ಬರಿಗಾಲು, ಎದೆ ಮುಂದೆ, ಹೊಟ್ಟೆ ಒಳಗೆ, ಹಣೆಯ ಪಕ್ಕ ಬೆರಳು. ಬಾಗಿಲಿನ ಆಚೆಯಿಂದ ಮಾತು ಮಾತ್ರ ಕೇಳಿಸುತ್ತಿತ್ತು.

"ಹಾಜರಿದ್ದೀನಿ ಸ್ವಾಮಿ. ಮನೇಲಿ ಐದು ಜನ, ಎಲ್ಲರೂ ಹಾಜರು. ದನ ನಾಲ್ಕು, ಹಾಜರು. ಕೋಳಿ ಒಂಬತ್ತು, ಒಂದು ಕಾಣಿಸ್ತಿಲ್ಲ, ಹುಡುಕ್ತಾ ಇದ್ದೀವಿ. ಮೊಮ್ಮಗನ ಹೆಂಡತಿ ಬಂದಿದ್ದಾಳೆ. ಈಗ ತಾನೆ ಬಾಗಿಲು ತೆಗೆದು ಹಾಕಿದಳು. ಸ್ವಲ್ಪ ಹೆದರುಪುಕ್ಕಲಿ."

ಅವರು ದೇವರಲ್ಲಿ ಏನನ್ನೂ ಬೇಡುವುದಿಲ್ಲ. ವರದಿ ಒಪ್ಪಿಸುತ್ತಾರೆ, ಅಷ್ಟೆ. "ಮೇಲಧಿಕಾರಿಗೆ ಎಲ್ಲಾ ಗೊತ್ತಿರುತ್ತೆ ಮಗಳೇ. ಆದ್ರೂ ಕೆಳಗಿಂದ ವರದಿ ಹೋಗ್ತಾ ಇರಬೇಕು" ಎನ್ನುವುದೇ ಅವರ ಭಕ್ತಿಯ ಒಟ್ಟು ಸಾರ. ನನ್ನ ಮಗ ಹುಟ್ಟಿದಾಗ ತೂಕ ಕಮ್ಮಿಯೆಂದು ನಾನು ಎರಡು ದಿನ ಅತ್ತೆ. ಅಜ್ಜ ಆಸ್ಪತ್ರೆಯ ವರಾಂಡದಲ್ಲಿ ನಿಂತು, ಓಡಾಡುತ್ತಿದ್ದ ನರ್ಸುಗಳ ಎದುರೇ ಸೆಲ್ಯೂಟ್ ಹೊಡೆದು ಹೇಳಿದರು: "ಹೊಸಬ ಬಂದಿದ್ದಾನೆ ಸ್ವಾಮಿ. ಎರಡು ಕಿಲೋ ಮುನ್ನೂರು ಗ್ರಾಂ. ಅದರಲ್ಲಿ ಗಂಟಲೇ ಎರಡು ಕಿಲೋ ಇರಬೇಕು."

ಈ ಸೆಲ್ಯೂಟು ಸೈನ್ಯದಿಂದ ಬಂದದ್ದು. ಹತ್ತೊಂಬತ್ತಕ್ಕೆ ಅವರು ಸೈನ್ಯ ಸೇರಿದಾಗ, ರೈತನ ಮಗ, ದನಕರು ಗೊತ್ತಿರುತ್ತೆ ಎಂದು ಹೇಸರಗತ್ತೆಗಳ ದಳಕ್ಕೆ ಹಾಕಿದರಂತೆ. ಕೈಗೆ ಕೊಟ್ಟ ಹೇಸರಗತ್ತೆಯ ಹೆಸರು ಮೊಂಡಣ್ಣ. ಗುಡ್ಡದ ಮೇಲಿನ ಠಾಣೆಗೆ ಮದ್ದುಗುಂಡು ಹೊರುವುದು ಇಬ್ಬರ ಕೆಲಸ. ಯುದ್ಧದ ಎರಡನೇ ತಿಂಗಳಲ್ಲಿ, ಠಾಣೆ ಬಿಟ್ಟು ಕೆಳಗಿಳಿಯಿರಿ ಎಂದು ಆಜ್ಞೆ ಬಂತು. ಇಳಿಯಲು ಇದ್ದದ್ದು ಒಂದೇ ಕಾಲುದಾರಿ. ಆ ದಾರಿಯ ನಟ್ಟನಡುವೆ ಮೊಂಡಣ್ಣ ನಿಂತುಬಿಟ್ಟ. ತಳ್ಳಿದರು, ಎಳೆದರು, ಬೈದರು, ಬೇಡಿಕೊಂಡರು. ಕಿವಿ ಸಹ ಅಲ್ಲಾಡಿಸಲಿಲ್ಲ. ಹಿಂದೆ ಸಿಕ್ಕಿಕೊಂಡ ಇಪ್ಪತ್ತು ಜನ ಬೇರೆ ದಾರಿ ಕಾಣದೆ ಠಾಣೆಗೆ ವಾಪಸು ಹೋಗಿ, ಹೋರಾಡಲೇಬೇಕಾಯಿತು. ಮಾರನೇ ದಿನ ಎದುರಿನವರೇ ಹಿಂದೆ ಸರಿದರು. ಎದೆಗುಂದದೆ ಠಾಣೆಯನ್ನು ಕಾಪಾಡಿದ್ದಕ್ಕೆ ಅಜ್ಜನಿಗೆ ಒಂದು ಪದಕ, ಒಂದು ಕೈಗಡಿಯಾರ.

"ಪದಕ ಮೊಂಡಣ್ಣಂಗೆ ಸೇರಬೇಕಿತ್ತು" ಎಂದು ಅಜ್ಜ ಇಂದಿಗೂ ಹೇಳುತ್ತಾರೆ. ಮೊಂಡಣ್ಣನಿಗೂ ಹಾಗೇ ಅನ್ನಿಸಿತ್ತೋ ಏನೋ, ಗಡಿಯಾರವನ್ನು ಚರ್ಮದ ಪಟ್ಟಿಯ ಸಮೇತ ಜಗಿದು ನುಂಗಿದ. ಆಮೇಲೆ ಗುಡ್ಡ ಇಳಿಯುವಾಗ ಅಜ್ಜನ ಎಡಗಾಲನ್ನೂ ತುಳಿದ. ಹೀಗೆ ಅಜ್ಜ ಊರಿಗೆ ಮರಳಿದಾಗ ಅವರ ಬಳಿ ಇದ್ದದ್ದು ಒಂದು ಪದಕ, ಒಂದು ಸೀಟಿ, ಒಂದು ಕುಂಟು.

ಊರಿನಲ್ಲಿ ಆಗ ಬೇರೆಯದೇ ಯುದ್ಧ ನಡೆಯುತ್ತಿತ್ತು. ಹೊಸದಾಗಿ ಕಾಲುವೆ ತೋಡಿದ್ದರು. ಎಂಟು ತೂಬು, ಎಂಟು ಮನೆಯ ಹೊಲ. ವಾರಕ್ಕೆ ಎರಡು ದಿನ, ಬೆಳಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ನೀರಾವರಿ ಕಚೇರಿಯವರು ಮೇಲಿನಿಂದ ನೀರು ಬಿಡುತ್ತಿದ್ದರು. ಆ ಆರು ಗಂಟೆಯಲ್ಲಿ ಯಾರಿಗೆ ಎಷ್ಟು ಹೊತ್ತು? ಗುದ್ದಲಿ ಹಿಡಿದು ಒಬ್ಬರ ತಲೆ ಒಬ್ಬರು ಒಡೆದುಕೊಳ್ಳುತ್ತಿದ್ದರಂತೆ. ಊರಿನಲ್ಲಿ ಯಾರ ಬಳಿಯೂ ಗಡಿಯಾರವಿಲ್ಲ. ಇದ್ದೊಂದು ಮೊಂಡಣ್ಣನ ಹೊಟ್ಟೆಯಲ್ಲಿತ್ತು.

ಅಜ್ಜ ಒಂದು ಉಪಾಯ ಹೇಳಿದರು. ಅವರ ಅಮ್ಮ ಕಲಿಸಿದ ಉದ್ದನೆಯ ಸ್ತುತಿಯೊಂದಿತ್ತು. ಅದಾದ ಮೇಲೆ ತೀರಿಕೊಂಡವರ ಪಟ್ಟಿ: ಅಪ್ಪ, ಅಮ್ಮ, ಯುದ್ಧದಲ್ಲಿ ಹೋದ ಎಂಟು ಜನ ಗೆಳೆಯರು, ಮೊಂಡಣ್ಣ. ಒಟ್ಟು ಹನ್ನೊಂದು. ಕಣ್ಣು ಮುಚ್ಚಿ ಒಂದೇ ಲಯದಲ್ಲಿ ಹೇಳಿದರೆ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಉಸಿರಿನಷ್ಟೂ ವ್ಯತ್ಯಾಸವಿಲ್ಲ. ಒಂದು ತೂಬಿನ ಹಲಗೆ ಎತ್ತುವುದು, ಅಲ್ಲೇ ನಿಂತು ಪ್ರಾರ್ಥನೆ ಹೇಳುವುದು, ಮುಗಿದಾಗ ಸೀಟಿ ಊದಿ ಹಲಗೆ ಇಳಿಸುವುದು, ಮುಂದಿನ ತೂಬಿಗೆ ಹೋಗುವುದು. ಕಚೇರಿಯ ಎಂಜಿನಿಯರ್ ತನ್ನ ಗಡಿಯಾರ ಹಿಡಿದು ಎಂಟೂ ತೂಬಿನಲ್ಲಿ ಅಳೆದು ನೋಡಿದ. ತೂಬುಗಳು ಹತ್ತಿರ ಹತ್ತಿರ, ನಡಿಗೆ ಲೆಕ್ಕಕ್ಕಿಲ್ಲ. ಸರಿಯಾಗಿ ನಲವತ್ತೈದು ನಿಮಿಷ. ಎಂಟು ನಲವತ್ತೈದಲಿ ಆರು ಗಂಟೆ. ಆತ ಬೆರಗಾಗಿ ಅದನ್ನು ಕಾಗದದ ಮೇಲೆ ಬರೆದು, ಸಹಿ ಮಾಡಿ, ಮೊಹರು ಹೊಡೆದ. ಆ ಕಾಗದ ಕಾಲುವೆ ಸಂಘದ ಕೋಣೆಯಲ್ಲಿ ಕಟ್ಟು ಹಾಕಿಸಿಕೊಂಡು ಇಂದಿಗೂ ನೇತಾಡುತ್ತಿದೆ. ಅವತ್ತೇ ಅಜ್ಜನನ್ನು ಅಧ್ಯಕ್ಷರನ್ನಾಗಿ ಮಾಡಿದರು. ಜಗಳ ತೀರಲೆಂದು ಹೊಲಗಳನ್ನೂ ಹೊಸದಾಗಿ ಹಂಚಿದಾಗ, ಉಳಿದವರೆಲ್ಲ ಬೇಕಾದ ಹೊಲ ಆರಿಸಿಕೊಂಡ ಮೇಲೆ ಉಳಿದ ಏಳನೇ ತೂಬನ್ನು ಅಜ್ಜ ತಮಗೆ ಇಟ್ಟುಕೊಂಡರು. ಎಂಟನೆಯದು ಆ ದಿನ ಜ್ವರ ಬಂದು ಮಲಗಿದ್ದವನ ಪಾಲಿಗೆ ಹೋಯಿತು.

ಅದಾಗಿ ಅರವತ್ತು ವರ್ಷ. ಅಧ್ಯಕ್ಷರು ಬದಲಾಗಲಿಲ್ಲ. ಪ್ರಾರ್ಥನೆಯೂ ಬದಲಾಗಲಿಲ್ಲ ಎಂದು ಎಲ್ಲರೂ ತಿಳಿದಿದ್ದರು. ಈಗ ನಿಲ್ಲಲು ಕಷ್ಟವಾಗುತ್ತದೆಂದು ನಾವು ಒಂದು ಪ್ಲಾಸ್ಟಿಕ್ ಕುರ್ಚಿ ಹೊತ್ತುಕೊಂಡು ಹಿಂದೆ ಹೋಗುತ್ತೇವೆ. ಅಜ್ಜ ಅದರ ಮೇಲೆ ತಮ್ಮ ಟೋಪಿ ಇಟ್ಟು ಪಕ್ಕದಲ್ಲಿ ನಿಲ್ಲುತ್ತಾರೆ.

ಎಂಟನೇ ತೂಬು ಈಗ ಈರುಳ್ಳಿ ಅತ್ತೆಯದು. ಹತ್ತಿರ ಹತ್ತಿರ ಐವತ್ತೈದು ವಯಸ್ಸು, ಬಾಯಿ ಜೋರು, ಹತ್ತು ವರ್ಷದ ಹಿಂದೆ ಗಂಡ ತೀರಿಕೊಂಡ. ಈರುಳ್ಳಿ ಬಿಟ್ಟು ಬೇರೇನೂ ಬೆಳೆಯುವುದಿಲ್ಲವಾದ್ದರಿಂದ ಊರಿಗೆಲ್ಲ ಅವರು ಈರುಳ್ಳಿ ಅತ್ತೆ. ಈಚಿನ ವರ್ಷಗಳಲ್ಲಿ ಅವರ ಹೊಲಕ್ಕೆ ನೀರು ಕಡಿಮೆಯಾಗುತ್ತ ಬಂದು, ಈಗ ತೂಬು ಎತ್ತಿದರೆ ಮಣ್ಣು ನೆನೆಯುವಷ್ಟರಲ್ಲಿ ನಿಂತುಹೋಗುತ್ತಿತ್ತು. ಸಂಘ ಸುಮ್ಮನೆ ಕೂರಲಿಲ್ಲ. ಹೂಳು ತೆಗೆಸಿದರು. ಕಚೇರಿಯವರು ಹನ್ನೆರಡಕ್ಕೆ ಮೊದಲೇ ನೀರು ನಿಲ್ಲಿಸುತ್ತಾರೆಂದು ಅರ್ಜಿ ಬರೆದರು. ಕೊನೆಗೆ ಏಡಿಗಳು ಬಿಲ ತೋಡಿ ನೀರು ಸೋರಿಸುತ್ತಿವೆ ಎಂದು ತೀರ್ಮಾನವಾಯಿತು. ಏಡಿ ನಿವಾರಣೆಗೆ ಸ್ವತಃ ಅಜ್ಜನೇ ಮುಂದಾಳು. ತೊಂಬತ್ತನೇ ವಯಸ್ಸಿನಲ್ಲಿ ಕಾಲುವೆಯ ದಂಡೆಯ ಮೇಲೆ ಬೋರಲಾಗಿ ಮಲಗಿ ಬಿಲಕ್ಕೆ ಕೈ ಹಾಕಿದರು. "ಸ್ವಾಮಿ, ಬಲಗೈ ಎರಡನೇ ಬೆರಳು ಕಚ್ಚಿಸಿಕೊಂಡಿದೆ. ಶತ್ರು ತಪ್ಪಿಸಿಕೊಂಡ" ಎಂದು ಅಲ್ಲಿಂದಲೇ ವರದಿಯೂ ಹೋಯಿತು. ನಾನು ಡೆಟಾಲ್ ಹಿಡಿದು ಓಡಿದೆ.

ಈ ವರ್ಷ ಈರುಳ್ಳಿ ಅತ್ತೆ ನಮ್ಮ ಜಗಲಿಗೆ ಬಂದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಮಾವ, ಸಾಕು. ಇದೊಂದು ಬೆಳೆ ನೋಡ್ತೀನಿ. ಇದೂ ಒಣಗಿದ್ರೆ ಹೊಲ ಕೊಟ್ಟು ತಂಗಿ ಮನೆಗೆ ಹೋಗ್ತೀನಿ. ಅವಳ ಗಂಡನ ಟೈಲರ್ ಅಂಗಡೀಲಿ ಗುಂಡಿ ಹೊಲಿತಾ ಕೂತಿರ್ತೀನಿ."

"ನೀನು ಗುಂಡಿ ಹೊಲಿತೀಯಾ? ಹಾಕ್ಕೊಂಡವರ ಉಸಿರು ಕಟ್ಟಿಹೋಗುತ್ತೆ" ಎಂದು ಅಜ್ಜ ನಗಿಸಲು ನೋಡಿದರು. ಅತ್ತೆ ನಗಲಿಲ್ಲ. ಅವರು ಎದ್ದುಹೋದ ಮೇಲೆ ಅಜ್ಜ ಬಹಳ ಹೊತ್ತು ಏಡಿ ಕಚ್ಚಿದ ಬೆರಳನ್ನೇ ನೋಡುತ್ತ ಕೂತಿದ್ದರು.

ಇನ್ನು ನನ್ನ ವಿಷಯ. ಮಗನಿಗೆ ಎಂಟು ತಿಂಗಳಾದಾಗ ರಕ್ತ ಕಮ್ಮಿಯೆಂದು ಡಾಕ್ಟರು ಒಂದು ಹನಿ ಔಷಧಿ ಕೊಟ್ಟರು. ಕುಡಿಸಿ ನಲವತ್ತೈದು ನಿಮಿಷ ಬಿಟ್ಟು ಹಾಲು ಕೊಡಬೇಕು. ಬೇಗ ಕೊಟ್ಟರೆ ಏನಾಗುತ್ತದೆ, ತಡವಾದರೆ ಏನಾಗುತ್ತದೆ ಎಂದು ನಾನು ಎರಡು ಸಲ ಫೋನ್ ಮಾಡಿ ಕೇಳಿದೆ. ಮೂರನೇ ಸಲ ಅವರು ಎತ್ತಲಿಲ್ಲ. ನನ್ನ ಗಂಡ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಎಮ್ಮೆಗೆ ಡ್ರಿಪ್ ಹಾಕುವವನಿಗೆ ಹನಿ ಔಷಧಿ ಯಾವ ಲೆಕ್ಕ? "ಇದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋತೀಯ? ನಾಳೆ ನೀರಿನ ದಿನ. ಅಜ್ಜ ಶುರು ಮಾಡ್ದಾಗ ಔಷಧಿ ಹಾಕು, ಸೀಟಿ ಊದಿದಾಗ ಹಾಲು ಕೊಡು" ಎಂದ.

ಹಾಗೇ ಮಾಡಿದೆ. ಆದರೆ ನನ್ನ ಜಾಯಮಾನವೇ ಹಾಗೆ, ಒಂದನ್ನೇ ನಂಬಿ ಕೂರಲು ಬರುವುದಿಲ್ಲ. ಫೋನಿನಲ್ಲೂ ಅಲಾರಂ ಇಟ್ಟೆ. ಮೂರನೇ ತೂಬಿನ ಹತ್ತಿರ, ಅಜ್ಜ ಟೋಪಿಯನ್ನು ಕುರ್ಚಿಯ ಮೇಲೆ ಕೂರಿಸಿ ಕಣ್ಣು ಮುಚ್ಚಿದರು. ನಾನು ಹನಿ ಹಾಕಿದೆ. ಸ್ತುತಿ ಮುಗಿಯಿತು, ತೀರಿಕೊಂಡವರ ಪಟ್ಟಿ ಶುರುವಾಯಿತು. ಅಜ್ಜ ಬರೀ ಹೆಸರು ಹೇಳಿ ಬಿಡುವವರಲ್ಲ, ಒಬ್ಬೊಬ್ಬರಿಗೂ ಒಂದು ಸುದ್ದಿ ತಿಳಿಸುತ್ತಾರೆ. "ಎರಡನೇ ತೂಬಿನ ಬಡಗಿ. ನಿನ್ನ ಮಗ ಮನೆ ಕಟ್ಟಿದ. ಬಾಗಿಲು ಕಿರುಗುಟ್ಟುತ್ತೆ." "ಹಳೇ ಪೋಸ್ಟ್‌ಮ್ಯಾನ್. ಈಗ ಯಾರೂ ಕಾಗದ ಬರೆಯಲ್ಲ, ನೀನು ಸರಿಯಾದ ಹೊತ್ತಿಗೆ ಹೋದೆ." ಅಷ್ಟರಲ್ಲಿ ಫೋನು ಕುಯ್ಯೋ ಎಂದಿತು. ಅಜ್ಜ ಇನ್ನೂ ಪೋಸ್ಟ್‌ಮ್ಯಾನ್ ದಾಟಿರಲಿಲ್ಲ. ಮಗು ಹಾಲಿಗಾಗಿ ಬಾಯಿ ತೆರೆಯಿತು. ಫೋನು ನಂಬಲೇ, ಅಜ್ಜನನ್ನು ನಂಬಲೇ? ಸೀಟಿ ಊದಿದಾಗ ನೋಡಿದೆ: ಐವತ್ತೊಂದು ನಿಮಿಷ.

ನಾಲ್ಕನೇ ತೂಬಿನಲ್ಲಿ ಮತ್ತೆ ಅಳೆದೆ. ಐವತ್ತೊಂದು. ಐದನೆಯದರಲ್ಲೂ ಅಷ್ಟೆ. ಬೆರಳು ಮಡಚಿ ಪಟ್ಟಿಯಲ್ಲಿದ್ದವರನ್ನು ಎಣಿಸಿದೆ. ಎಪ್ಪತ್ತೊಂದು. ಅರವತ್ತು ವರ್ಷದಲ್ಲಿ ಅರವತ್ತು ಜನ ಸೇರಿದ್ದರು. ಒಬ್ಬೊಬ್ಬರಿಗೆ ಆರು ಸೆಕೆಂಡು. ಅಲ್ಲಿಗೆ ಆರು ನಿಮಿಷ. ಏಳು ತೂಬು ಮುಗಿಯುವಷ್ಟರಲ್ಲಿ ಹನ್ನೊಂದು ಐವತ್ತೇಳು. ಈರುಳ್ಳಿ ಅತ್ತೆಗೆ ಉಳಿಯುತ್ತಿದ್ದದ್ದು ಮೂರೇ ನಿಮಿಷ. ಪಾಪದ ಏಡಿಗಳು!

ಊರಿನಲ್ಲಿ ಈಗ ಎಲ್ಲರ ಕೈಯಲ್ಲೂ ಫೋನಿದೆ. ಆದರೆ ಗೋಡೆಯ ಮೇಲೆ ಮೊಹರು ಹೊಡೆದ ಕಾಗದ ಇರುವಾಗ ಅಜ್ಜನ ಪ್ರಾರ್ಥನೆಯನ್ನು ಅಳೆಯುವ ಯೋಚನೆ ಯಾರಿಗೆ ಬರಬೇಕು? ಐದನೇ ತೂಬಿನ ಮನೆಯವರಂತೂ ತಮ್ಮ ಗೋಡೆ ಗಡಿಯಾರ ಮುಂದೆ ಓಡುತ್ತದೆಂದು ನೀರಿನ ದಿನ ಅದನ್ನು ಹಿಂದಕ್ಕೆ ತಿರುಗಿಸುತ್ತಿದ್ದರಂತೆ.

ಗಂಡನಿಗೆ ಹೇಳಿದೆ. "ಸುಮ್ನಿರು ಮಾರಾಯ್ತಿ. ಏಳನೇ ತೂಬು ನಮ್ಮದು. ಅಧ್ಯಕ್ಷರು ಪಕ್ಕದವಳ ನೀರು ನುಂಗಿದ್ರು ಅಂತಾರೆ ಜನ. ಈ ವಯಸ್ಸಿನಲ್ಲಿ ಅಜ್ಜ ತಡ್ಕೋತಾರಾ?"

ಅದೇ ನನ್ನ ಭಯವೂ ಆಗಿತ್ತು. ಅಜ್ಜನಿಗೆ ಇದ್ದ ಆಸ್ತಿಯೆಂದರೆ ಅವರ ಮಾತು ಒಂದೇ. ಆದರೆ ಆಚೆ ಜಗಲಿಯಿಂದ ನೋಡಿದರೆ ಈರುಳ್ಳಿ ಅತ್ತೆಯ ಹೊಲ ಕಾಣುತ್ತದೆ, ಹಳದಿ ತಿರುಗಿದ ಗರಿಗಳು. ಎರಡು ದಿನ ನನಗೆ ಊಟ ಸೇರಲಿಲ್ಲ. ಮೂರನೇ ದಿನ ಬೆಳಗ್ಗೆ ಅಜ್ಜನ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟೆ.

"ಏನು ಮಗಳೇ? ವರದಿ ಒಪ್ಪಿಸು" ಎಂದರು ಅಜ್ಜ.

ಒಪ್ಪಿಸಿದೆ. ಅಳುತ್ತಲೇ ಒಪ್ಪಿಸಿದೆ.

ಅಜ್ಜ ಕೋಪಿಸಿಕೊಳ್ಳಲಿಲ್ಲ. ಎದ್ದು ನಿಂತು, "ಫೋನ್ ಹಿಡ್ಕೋ" ಎಂದು ಅಡುಗೆಮನೆಯ ಮಧ್ಯದಲ್ಲೇ ಪ್ರಾರ್ಥನೆ ಶುರು ಮಾಡಿದರು. ಒಲೆಯ ಮೇಲಿನ ಹಾಲು ಉಕ್ಕಿತು, ಮಗು ಎದ್ದು ಅತ್ತಿತು, ಗಂಡ ಕೆಲಸಕ್ಕೆ ತಡವಾಯಿತೆಂದು ಬಾಗಿಲಲ್ಲಿ ನಿಂತು ಸನ್ನೆ ಮಾಡಿದ. ಯಾವುದಕ್ಕೂ ಕಣ್ಣು ತೆರೆಯಲಿಲ್ಲ. ಕೊನೆಗೆ ಫೋನು ನೋಡಿದರು. ಐವತ್ತೊಂದು.

"ಹಾಗಾದ್ರೆ ಕಳ್ಳ ಸಿಕ್ಕಿದ" ಎಂದರು ಮೆಲ್ಲಗೆ. "ಏಳನೇ ತೂಬಿನವನು."

ಅವತ್ತೇ ಸಂಜೆ ನಾಲ್ಕಕ್ಕೆ ಸಂಘದ ಕೋಣೆಯಲ್ಲಿ ವಿಚಾರಣೆ ಕರೆದರು. ಪದಕ ಹಾಕಿದ ಕೋಟು ತೊಟ್ಟುಕೊಂಡು ಬಂದವರು, ಒಳಗೆ ಕಾಲಿಟ್ಟ ಕೂಡಲೇ ಪದಕ ಬಿಚ್ಚಿ ನನ್ನ ಕೈಗಿತ್ತರು. "ಆರೋಪಿ ಪದಕ ಹಾಕ್ಕೋಬಾರದು." ವಿಚಾರಣೆ ನಡೆಸುವವರು ಯಾರು? ಅಧ್ಯಕ್ಷರು. ಆರೋಪಿ ಯಾರು? ಅದೇ ಅಧ್ಯಕ್ಷರು. ಮೇಜಿನ ಆ ಕಡೆ ಕೂತು ಪ್ರಶ್ನೆ ಕೇಳುವರು, ಎದ್ದು ಕುಂಟುತ್ತ ಈ ಕಡೆ ಬಂದು ನಿಂತು ಉತ್ತರ ಹೇಳುವರು.

"ನೀನು ಎಂಟನೇ ತೂಬಿನ ನೀರು ತಿಂದದ್ದು ಹೌದಾ?"

"ಹೌದು ಸ್ವಾಮಿ."

"ಗೊತ್ತಿದ್ದು ತಿಂದೆಯೋ, ಗೊತ್ತಿಲ್ಲದೆ ತಿಂದೆಯೋ?"

"ಗೊತ್ತಿಲ್ಲದೆ. ಆದ್ರೆ ಎಣಿಸೋದು ನನ್ನ ಕೆಲಸವಾಗಿತ್ತು."

"ತಲೆ ಎತ್ತಿ ಮಾತಾಡು!" ಎಂದು ಮೇಜಿನ ಹಿಂದೆ ಹೋಗಿ ಗದರಿದರು.

"ಅಜ್ಜಾ, ಕೂತ್ಕೊಂಡೇ ಎರಡೂ ಕೆಲಸ ಮಾಡಿ, ಬಿದ್ದುಬಿಡ್ತೀರ" ಎಂದು ನಾನು ಹೇಳಿದ್ದಕ್ಕೆ, "ಸಾಕ್ಷಿ ಕರೆದಾಗ ಮಾತ್ರ ಮಾತಾಡಬೇಕು" ಎಂದು ನನಗೂ ಬಿತ್ತು.

ಜನ ಮೊದಲು ನಕ್ಕರು, ಆಮೇಲೆ ಮುಜುಗರಪಟ್ಟರು, ಆಮೇಲೆ ಉಪಾಯ ಹೇಳತೊಡಗಿದರು. ಎರಡನೇ ತೂಬಿನವನು, ಅಂದರೆ ಬಡಗಿಯ ಮಗ, "ಸ್ವಲ್ಪ ಬೇಗ ಬೇಗ ಹೇಳಿದ್ರೆ ಆಯ್ತಲ್ಲ" ಎಂದ.

"ನಿನ್ನ ಅಪ್ಪನ್ನ ಓಡ್ತಾ ಮಾತಾಡಿಸ್ಲಾ?"

"ಹಳಬರನ್ನೆಲ್ಲ ಸೇರಿಸಿ 'ಇತ್ಯಾದಿ' ಅಂದ್ಬಿಡಿ ಅಧ್ಯಕ್ಷರೇ" ಎಂದರು ನಾಲ್ಕನೇ ತೂಬಿನ ಮುದುಕರು.

"ಆಗ್ಲಿ. ಮುಂದೆ ನಿಮ್ಮನ್ನೇ ಮೊದಲ ಇತ್ಯಾದಿ ಮಾಡ್ತೀನಿ."

ಮುದುಕರು ಪೆಚ್ಚಾಗಿ ಕೂತರು. ಹೋಗಲಿ, ಕೆಲವರನ್ನು ಪಟ್ಟಿಯಿಂದ ತೆಗೆಯೋಣ ಎಂದು ಇನ್ನೊಬ್ಬರು. ಅಲ್ಲಿಗೆ ಬೆಂಕಿ ಹತ್ತಿತು. ಪ್ರತಿಯೊಬ್ಬರಿಗೂ ತಮ್ಮವರು ಇರಲೇಬೇಕು, ಪಕ್ಕದವರು ಹೋಗಬೇಕು. "ನಿಮ್ಮ ದೊಡ್ಡಪ್ಪ ನಮ್ಮ ಗುದ್ದಲಿ ಕದ್ದೋನು, ಮೊದಲು ಅವನನ್ನ ತೆಗೀರಿ!" "ನಿಮ್ಮತ್ತೆ ಬದುಕಿದ್ದಾಗ ಅಧ್ಯಕ್ಷರಿಗೇ ಶಾಪ ಹಾಕ್ತಿದ್ಲು!" "ಮನುಷ್ಯರ ಮಧ್ಯೆ ಆ ಹೇಸರಗತ್ತೆ ಯಾಕ್ರೀ?" ಎಂದು ಯಾರೋ ಕೂಗಿದಾಗ ಅಜ್ಜ ಎರಡೂ ಕೈಯಿಂದ ಮೇಜು ಬಡಿದರು.

"ಮೊಂಡಣ್ಣ ಇಲ್ಲದಿದ್ರೆ ನಾನಿಲ್ಲ, ನಾನಿಲ್ಲದಿದ್ರೆ ನೀವು ಇನ್ನೂ ತಲೆ ಒಡ್ಕೋತಾ ಇರ್ತಿದ್ರಿ. ಯಾರನ್ನೂ ತೆಗೆಯಲ್ಲ. ಸತ್ತವರಿಗೆ ವರ್ಗಾವಣೆ ಇಲ್ಲ."

ಆಗ ಈರುಳ್ಳಿ ಅತ್ತೆ ಎದ್ದು ನಿಂತರು. ನೀರು ಹೋದದ್ದು ಅವರದು. ಅವರು ಬಾಯಿ ತೆರೆದರೆ ಅಜ್ಜನ ಅರವತ್ತು ವರ್ಷ ಅಲ್ಲಿಗೆ ಮುಗಿಯುತ್ತದೆಂದು ನಾನು ಮಗುವನ್ನು ಬಿಗಿಯಾಗಿ ಹಿಡಿದುಕೊಂಡೆ. ಎಷ್ಟು ಬಿಗಿಯಾಗಿ ಎಂದರೆ ಅದು ನನ್ನನ್ನು ಕಚ್ಚಿತು.

"ಮಾವ, ನನ್ನ ಯಜಮಾನ್ರು ಪಟ್ಟೀಲಿ ಇದ್ದಾರಾ?"

"ಐವತ್ತೆಂಟನೆಯವನು."

"ಅವರಿಗೆ ಏನು ಸುದ್ದಿ ಹೇಳ್ತೀರಾ?"

ಅಜ್ಜ ಕಣ್ಣು ಮುಚ್ಚಿಕೊಂಡರು. ತೆರೆದ ಕಣ್ಣಿನಲ್ಲಿ ಅವರಿಗೆ ಪಟ್ಟಿ ನೆನಪಾಗುವುದಿಲ್ಲ. "ಎಂಟನೇ ತೂಬಿನ ಯಜಮಾನ. ಹೆಂಡತಿ ಗಟ್ಟಿಗಿತ್ತಿ. ಹೊಲ ಬಿಟ್ಟಿಲ್ಲ."

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಿಂತರು. ಆಮೇಲೆ ಮೂಗು ಒರೆಸಿಕೊಂಡು, "ಬದುಕಿದ್ದಾಗ ಮೈಗೆ ಎರಡು ಕೊಡ ನೀರು ಸುರ್ಕೊಳ್ಳೋಕೂ ಸೋಮಾರಿತನ. ಸತ್ತ ಮೇಲೆ ನೋಡಿ, ಒಂದು ತೂಬು ನೀರು ಕುಡೀತಾ ಕೂತಿದ್ದಾರೆ" ಎಂದರು. ಕೋಣೆಯೆಲ್ಲ ಗೊಳ್ಳೆಂದಿತು. "ಅವರನ್ನ ತೆಗೀಬೇಡಿ. ಯಾರನ್ನೂ ತೆಗೀಬೇಡಿ. ನನಗೆ ಬೇಕಾಗಿರೋದು ನಲವತ್ತೈದು ನಿಮಿಷದ ನೀರು. ಅದು ಹೇಗೆ ಕೊಡ್ತೀರೋ ನೀವೇ ಹೇಳಿ."

ಅಜ್ಜ ಮೇಜಿನ ಹಿಂದಕ್ಕೆ ಹೋಗಿ ಕೂತರು. ಗೋಡೆಯ ಮೇಲಿನ ಆ ಮೊಹರಿನ ಕಾಗದ ನೋಡಿದರು. ಆಮೇಲೆ ತೀರ್ಪು ಓದುವ ದನಿಯಲ್ಲಿ ಹೇಳಿದರು: ಈ ಬೆಳೆ ಮುಗಿಯುವವರೆಗೆ ಏಳನೇ ತೂಬಿನ ನೀರು ಎಂಟಕ್ಕೆ. ಏಳನೇ ತೂಬಿನವನು ಅಧ್ಯಕ್ಷ ಸ್ಥಾನದಿಂದ ಈ ಕ್ಷಣವೇ ಕೆಳಗೆ. ಮತ್ತು ಹೊಸ ಅಧ್ಯಕ್ಷೆ, ಎಂಟನೇ ತೂಬು. "ಕೊನೇಲಿ ನಿಂತವರಿಗೇ ನೀರಿನ ಲೆಕ್ಕ ಸರಿಯಾಗಿ ತಿಳಿಯೋದು." ಸೀಟಿಯ ದಾರವನ್ನು ಕತ್ತಿನಿಂದ ತೆಗೆಯಲು ಹೋದರು, ಅದು ಕಿವಿಯ ಹತ್ತಿರ ಸಿಕ್ಕಿಕೊಂಡಿತು. ಅರವತ್ತು ವರ್ಷದಲ್ಲಿ ಅದನ್ನು ಅವರು ಬಿಚ್ಚಿಯೇ ಇರಲಿಲ್ಲವಂತೆ. ಅತ್ತೆ ಬಂದು ಬಿಡಿಸಿದರು.

"ನನಗೆ ಪ್ರಾರ್ಥನೆ ಬರಲ್ಲ ಮಾವ."

"ನಿನಗೆ ಯಾರು ಹೇಳು ಅಂದ್ರು? ನೀನು ಗಡಿಯಾರ ನೋಡು. ಪ್ರಾರ್ಥನೆ ನನ್ನದು."

ಮುಂದಿನ ನೀರಿನ ದಿನ ಅಜ್ಜ ಬರುತ್ತಾರೋ ಇಲ್ಲವೋ ಎಂದು ನನಗೆ ಸಂಕಟ. ಐದೂವರೆಗೇ ಎದ್ದು ಸಿದ್ಧವಾಗಿದ್ದರು. ಮೊದಲ ತೂಬಿನಲ್ಲಿ ಅತ್ತೆ ನನ್ನಿಂದ ಕಲಿತ ಹಾಗೆ ಫೋನ್ ಒತ್ತಿದರು, ಹಲಗೆ ಎತ್ತಿದರು. ಅಜ್ಜ ಕಣ್ಣು ಮುಚ್ಚಿದರು. ನಲವತ್ತೈದು ನಿಮಿಷಕ್ಕೆ ಸೀಟಿ ಕೂಗಿತು, ಹಲಗೆ ಇಳಿಯಿತು. ಅಜ್ಜ ಆಗಿನ್ನೂ ಪೋಸ್ಟ್‌ಮ್ಯಾನ್ ಹತ್ತಿರ ಇದ್ದರು. ಒಂದು ಕಣ್ಣು ಅರ್ಧ ತೆರೆದು, ಮುಚ್ಚಿ, ದನಿ ಏರಿಸಿ ಮುಂದುವರಿದರು. ಅತ್ತೆ ಎರಡನೇ ತೂಬಿಗೆ ಹೋದರು. ಅಜ್ಜ ಎಪ್ಪತ್ತೊಂದನ್ನೂ ಮುಗಿಸಿ ಆರು ನಿಮಿಷ ತಡವಾಗಿ ಕುಂಟುತ್ತ ಬಂದು ಸೇರಿಕೊಂಡರು. ಅಷ್ಟು ತಡವಾದರೂ ಎರಡನೇ ಪ್ರಾರ್ಥನೆಯನ್ನು ಮೊದಲಿನಿಂದಲೇ ಶುರು ಮಾಡಿದರು. ಎಂಟನೇ ತೂಬಿನ ಸರದಿ ಬಂದಾಗ ಅವರಿನ್ನೂ ಏಳನೇ ಪ್ರಾರ್ಥನೆಯ ಆರಂಭದಲ್ಲಿದ್ದರು.

ಆ ಸಲ ಈರುಳ್ಳಿ ಮುಷ್ಟಿಯಷ್ಟು ದಪ್ಪ ಬಂತು. ಟೈಲರ್ ಅಂಗಡಿಯ ಮಾತು ಮತ್ತೆ ಬರಲಿಲ್ಲ.

ಶಿಕ್ಷೆ ಮುಗಿದು ನಮ್ಮ ಹೊಲಕ್ಕೆ ಮತ್ತೆ ನೀರು ಬರಲು ಶುರುವಾದ ಮೊದಲ ದಿನ, ಸೀಟಿ ಊದಿದ ಮೇಲೂ ಅಜ್ಜ ಹಲಗೆ ಇಳಿಸದೆ ಮೂಲೆಯ ಒಂದು ಸಾಲು ನೆನೆಯಲಿ ಎಂದು ನಿಂತಿದ್ದರು. ಅತ್ತೆ ದಂಡೆಯ ಮೇಲೆ ದಾಪುಗಾಲು ಹಾಕುತ್ತ ಬಂದು ತಾವೇ ಹಲಗೆ ಒತ್ತಿದರು.

"ಒಂದು ನಿಮಿಷ ಜಾಸ್ತಿ ಮಾವ. ಮುಂದಿನ ವಾರ ಒಂದು ನಿಮಿಷ ಕಡಿತ."

"ಒಂದೇ ಸಾಲು ಕಣಮ್ಮ."

"ಎರಡು ನಿಮಿಷ."

"ಇದೇನು ದಬ್ಬಾಳಿಕೆ! ಇಂಥವಳನ್ನ ಅಧ್ಯಕ್ಷೆ ಮಾಡಿದ್ಯಾರು?"

"ನೀವೇ."

ಅಜ್ಜ ನನ್ನ ಕಡೆ ನೋಡಿದರು. ನಾನು ಮಗುವಿನ ಟೋಪಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ. ಅವರು ಅಲ್ಲೇ ಕೆಸರಿನಲ್ಲಿ ಕಾಲು ಜೋಡಿಸಿ, ಆಕಾಶದ ಕಡೆ ಮುಖ ಎತ್ತಿ, ಬೆರಳು ಹಣೆಗಿಟ್ಟು, ಅತ್ತೆಗೆ ಚೆನ್ನಾಗಿ ಕೇಳುವಷ್ಟು ಗಟ್ಟಿಯಾಗಿ ವರದಿ ಒಪ್ಪಿಸಿದರು.

"ಸ್ವಾಮಿ, ಎರಡು ನಿಮಿಷ ಕಡಿತ ಆಗಿದೆ. ತಪ್ಪು ನನ್ನದೇ. ಆದ್ರೂ ಅವಳು ಬಹಳ ಕಟ್ಟುನಿಟ್ಟು."